ತೊಗಟೆಯ ಒಳಮೈ

ಚೀಡ್ ಮರ ಸಾಯುತ್ತಿದೆಯೆಂದು ದೂರದಿಂದ ನೋಡುವವರಿಗೆ ತಿಳಿಯುವ ಹೊತ್ತಿಗೆ ಅದು ಬದುಕುವ ಆಸೆ ಮುಗಿದು ಬಹಳ ದಿನಗಳಾಗಿರುತ್ತವೆ. ಅದನ್ನು ಕೊಂದ ಜೀವಿಯೂ ಅಷ್ಟರಲ್ಲಿ ತನ್ನ ಸಂಸಾರವನ್ನು ಬೆಳೆಸಿಕೊಂಡು ಪಕ್ಕದ ಮರಕ್ಕೆ ಹೊರಟುಹೋಗಿರುತ್ತದೆ. ಆದ್ದರಿಂದ ಕೆಂಪಗೆ ಒಣಗಿದ ಮರದ ಬುಡದಲ್ಲಿ ನಿಂತು ಮರುಗುವವರು ಕಣ್ಣು ಹೊರಳಿಸಬೇಕಾದದ್ದು ಅದರ ನೆರೆಯಲ್ಲಿ ಇನ್ನೂ ಹಸುರಾಗಿ ನಿಂತಿರುವ ಮರದ ಕಡೆಗೆ. ಇಷ್ಟು ಸಣ್ಣ ಮಾತನ್ನು ಮನಗಾಣಲು ನಮಗೆ ಒಂದೂವರೆ ವರ್ಷ ಹಿಡಿಯಿತು. ಮರ ಕಡಿಯಬಾರದೆಂಬ ನಂಬಿಕೆಯಲ್ಲೇ ಬೆಳೆದ ನಮ್ಮನ್ನು ಆ ತಿಳಿವಳಿಕೆ ಒಂದು ಇಕ್ಕಟ್ಟಿಗೂ ತಂದು ನಿಲ್ಲಿಸಿತು.

ನಾವೆಂದರೆ ದೆಹಲಿಯಲ್ಲಿ ನೆಲೆಸಿರುವ ಐದು ಕನ್ನಡ ಮನೆಗಳವರು. ಶಿರಸಿ, ಚಿಕ್ಕಮಗಳೂರು, ಧಾರವಾಡ, ಮೈಸೂರುಗಳಿಂದ ಬೇರೆ ಬೇರೆ ಕಾಲಕ್ಕೆ ಉದ್ಯೋಗ ಅರಸಿ ಬಂದು ರಾಜಧಾನಿಯಲ್ಲಿ ಬೇರೂರಿದವರು. ಅಲ್ಲಿನ ಬೇಸಗೆಯಿಂದ ಪಾರಾಗಲೆಂದು ನೈನಿತಾಲ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಲ್ಲುಗೋಡೆಯ ಹಳೆಯ ಮನೆಯೊಂದನ್ನು ಕೂಡಿ ಬಾಡಿಗೆಗೆ ಹಿಡಿದಿದ್ದೇವೆ. ಹಳ್ಳಿ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಮನೆಯ ಹಿಂದಿನ ಇಳಿಜಾರಿನಲ್ಲಿ ಬೆಳೆದು ನಿಂತಿರುವ ಚೀಡ್ ಕಾಡು ಆ ಊರಿನ ವನ ಪಂಚಾಯತಿಗೆ ಸೇರಿದ್ದು. 1921ರಲ್ಲಿ ಬ್ರಿಟಿಷರ ಅರಣ್ಯ ಕಾನೂನಿನ ವಿರುದ್ಧ ಕುಮಾವೂನಿನ ಜನ ಸಿಡಿದೆದ್ದರು. ಅದಾದ ಹತ್ತು ವರ್ಷಕ್ಕೆ, 1931ರ ನಿಯಮಗಳ ಮೂಲಕ, ಹಳ್ಳಿಗಳು ತಮ್ಮ ಕಾಡನ್ನು ತಾವೇ ನೋಡಿಕೊಳ್ಳುವ ಈ ಏರ್ಪಾಡು ಬಂದಿತು. ಕಾಡಿನ ಅಡಿಯಲ್ಲಿ ಒಂದು ನೌಲಾ ಇದೆ. ನೌಲಾ ಎಂದರೆ ಕಲ್ಲಿನ ಮೆಟ್ಟಿಲು, ಕಲ್ಲಿನ ಮಾಡು ಕಟ್ಟಿ ಗುಡಿಯಂತೆ ಕಾಪಾಡಿಕೊಂಡ ಒರತೆ. ಊರಿನ ಕುಡಿಯುವ ನೀರು, ಬೇಸಗೆಯಲ್ಲಿ ನಮ್ಮದೂ, ಅಲ್ಲಿಂದಲೇ ಬರುತ್ತದೆ.

2016ರ ಬೇಸಗೆಯಲ್ಲಿ ಉತ್ತರಾಖಂಡದ ಕಾಡುಗಳಿಗೆ ಬಿದ್ದ ಬೆಂಕಿಯ ಸುದ್ದಿಯನ್ನು ಓದುಗರು ಮರೆತಿರಲಾರರು. ವಾಯುಸೇನೆಯ ಹೆಲಿಕಾಪ್ಟರುಗಳು ಭೀಮತಾಲದ ಕೆರೆಯಿಂದ ನೀರೆತ್ತಿ ಬೆಟ್ಟಗಳ ಮೇಲೆ ಸುರಿದದ್ದು ಆಗಲೇ. ನಮ್ಮ ಇಳಿಜಾರಿಗೂ ಬೆಂಕಿ ಹತ್ತಿತ್ತು. ಚೀಡ್ ಮರದ ತೊಗಟೆ ದಪ್ಪ. ಸಾಧಾರಣ ನೆಲಬೆಂಕಿಯನ್ನು ಅದು ಸಹಿಸಿಕೊಳ್ಳುತ್ತದೆ. ಬುಡ ಕಪ್ಪಾದರೂ ಮಳೆ ಬಿದ್ದ ಮೇಲೆ ಕಾಡು ಮೊದಲಿನಂತೆಯೇ ಕಂಡಿತು. ಮರುವರ್ಷದ ಬೇಸಗೆಯಲ್ಲಿ ನೌಲಾದ ಮೇಲ್ಭಾಗದ ಕೆಲವು ಮರಗಳ ತುದಿ ಹಳದಿಗೆ ತಿರುಗಿತು. ಮಳೆಗಾಲ ಮುಗಿಯುವಾಗ ಹಳದಿ ಕೆಂಪಾಯಿತು, ಹೊಸದಾಗಿ ಇನ್ನಷ್ಟು ತುದಿಗಳು ಹಳದಿಯಾದವು. ಊರಿನಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದರು. ಬೆಂಕಿಯೆಂದು ಕೆಲವರು, ಮಳೆ ಸಾಲದೆಂದು ಕೆಲವರು, ರಾಳ ಇಳಿಸುವವರ ಕೊಡಲಿಯೆಂದು ಕೆಲವರು. ಎಲ್ಲರ ಮಾತಿನಲ್ಲೂ ಸತ್ಯದ ಅಂಶವಿತ್ತೆಂಬುದು ಆಮೇಲೆ ತಿಳಿಯಿತು.

ನೋಡುವುದನ್ನು ನಮಗೆ ಕಲಿಸಿದವರು ಆ ಭಾಗದ ಒಬ್ಬ ವನರಕ್ಷಕರು. ತುದಿಯನ್ನು ದಿಟ್ಟಿಸುತ್ತಿದ್ದ ನಮಗೆ ಅವರು ಮೊದಲು ಹೇಳಿದ್ದು, ಬುಡದಿಂದ ನೋಡಲು ಆರಂಭಿಸಿ ಎಂದು. ಮರದ ಬುಡದಲ್ಲಿ, ತೊಗಟೆಯ ಬಿರುಕುಗಳಲ್ಲಿ, ಜೇಡರ ಬಲೆಗಳ ಮೇಲೆ ಇಟ್ಟಂಗಿ ಬಣ್ಣದ ನುಣ್ಣನೆಯ ಹುಡಿ ಬಿದ್ದಿದೆಯೇ ನೋಡಬೇಕು. ಮಳೆ ಬಂದರೆ ಅದು ತೊಳೆದುಹೋಗುವುದರಿಂದ ಒಣಹವೆಯ ದಿನಗಳಲ್ಲಿ, ಬೆಳಗಿನ ಹೊತ್ತು ಹುಡುಕುವುದು ಲೇಸು. ಬಳಿಕ ಆಳೆತ್ತರದವರೆಗೆ ತೊಗಟೆಯ ಮೇಲೆ ರಾಳದ ಸಣ್ಣ ಗಂಟುಗಳಿವೆಯೇ ಎಂದು ಕೈಯಾಡಿಸಿ ನೋಡಬೇಕು. ಗಂಟು ದೊಡ್ಡದಾಗಿ, ಬೆಳ್ಳಗೆ, ಹಸಿಯಾಗಿದ್ದರೆ ಮರ ಹೋರಾಡುತ್ತಿದೆ ಎಂದರ್ಥ. ಬರಿಯ ಒಣಹುಡಿಯಿದ್ದು ರಾಳವೇ ಇಲ್ಲದಿದ್ದರೆ ಅದು ಸೋತಂತೆ. ಅನಂತರ ಮರಕುಟಿಗ ತೊಗಟೆಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದೆಯೇ ಎಂದು ನೋಡಬೇಕು. ಒಳಗೆ ತಿನಿಸಿಲ್ಲದ ಮರದ ಮೇಲೆ ಆ ಹಕ್ಕಿ ಅಷ್ಟು ಶ್ರಮಪಡುವುದಿಲ್ಲ. ಎಲೆಯ ಬಣ್ಣವನ್ನು ನೋಡುವುದು ಕಟ್ಟಕಡೆಗೆ.

ಹೀಗೆ ಹುಡಿ ಸಿಕ್ಕ ಮರವೊಂದರ ತೊಗಟೆಯನ್ನು ಅವರು ಅಂಗೈಯಗಲ ಎಬ್ಬಿಸಿ ತೋರಿಸಿದರು. ಹೊರಗಿನಿಂದ ಒರಟಾಗಿದ್ದ ತೊಗಟೆಯ ಒಳಮೈ ನುಣುಪಾಗಿತ್ತು, ಅದರ ತುಂಬ ಕೊರೆದ ಗೆರೆಗಳಿದ್ದವು. ನಡುವೆ ಒಂದು ಸಣ್ಣ ಕೋಣೆ; ಅದರಿಂದ ಮರದ ನಾರಿನ ಗುಂಟ ಮೇಲಕ್ಕೂ ಕೆಳಕ್ಕೂ ಹೋದ ನೀಳವಾದ ಓಣಿಗಳು; ಓಣಿಗಳ ಎರಡೂ ಮಗ್ಗುಲಿಗೆ ಅಡ್ಡಡ್ಡಲಾಗಿ ಹೊರಟು, ಹೋಗುತ್ತ ಹೋಗುತ್ತ ಅಗಲವಾಗುವ ಕಿರುಗಾಲುವೆಗಳು. ಗಂಡು ಜೀರುಂಡೆ ಮೊದಲು ಬಂದು ಕೋಣೆಯನ್ನು ಕೊರೆಯುತ್ತದೆ. ಅದು ಹೊರಸೂಸುವ ವಾಸನೆಗೆ ಹೆಣ್ಣುಗಳೂ ಇತರ ಗಂಡುಗಳೂ ಹಾರಿ ಬರುತ್ತವೆ. ಒಂದೇ ಕೋಣೆಗೆ ಎರಡು ಮೂರು ಹೆಣ್ಣುಗಳು ಸೇರಿ, ಒಂದೊಂದೂ ತನ್ನ ಓಣಿಯನ್ನು ಕೊರೆದು, ಅದರ ಅಂಚಿನಲ್ಲಿ ಸಾಲಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಹುಳು ತೊಗಟೆಯ ಒಳಪದರವನ್ನು ತಿನ್ನುತ್ತ ಅಡ್ಡಕ್ಕೆ ಸಾಗುತ್ತದೆ. ಅದು ಕೊಬ್ಬಿದಂತೆ ಕಾಲುವೆಯೂ ಅಗಲವಾಗುತ್ತದೆ. ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯುವ ದಾರಿ ಆ ಒಳಪದರವೇ. ಸಾವಿರಾರು ಹುಳುಗಳು ಅದನ್ನು ಸುತ್ತಲೂ ಕತ್ತರಿಸಿದಾಗ ಮರ ನಿಂತಲ್ಲೇ ಉಪವಾಸ ಬೀಳುತ್ತದೆ. ಜೀರುಂಡೆಗಳ ಮೈಗೆ ಅಂಟಿ ಬಂದ ಬೂಷ್ಟು ಕಾಂಡದೊಳಗೆ ಹಬ್ಬಿ ನೀರು ಮೇಲೇರುವ ದಾರಿಯನ್ನೂ ಕೆಡಿಸುತ್ತದೆ. ಅಂಥ ಮರವನ್ನು ಸೀಳಿದರೆ ಬಿಳಿಯ ಕಟ್ಟಿಗೆಯಲ್ಲಿ ನೀಲಿ ಮಚ್ಚೆಗಳು ಕಾಣುತ್ತವೆ.

ಜೀರುಂಡೆ ಅಕ್ಕಿಕಾಳಿಗಿಂತ ಚಿಕ್ಕದು, ಕಪ್ಪಿಗೆ ಸಮೀಪದ ಕಂದು ಬಣ್ಣದ್ದು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಹಿಂಭಾಗ ಚಮಚದಿಂದ ತೋಡಿದ ಹಾಗೆ ತಗ್ಗಾಗಿದ್ದು, ಅಂಚಿಗೆ ಮುಳ್ಳುಗಳಿವೆ. ಓಣಿಯಲ್ಲಿ ಕೊರೆದ ಹುಡಿಯನ್ನು ಹೊರಕ್ಕೆ ತಳ್ಳುವ ಸಲಿಕೆ ಅದು. ಶಾಸ್ತ್ರಜ್ಞರು ಇದನ್ನು ಇಪ್ಸ್ ಲಾಂಗಿಫೋಲಿಯ ಎನ್ನುತ್ತಾರೆ. ಯುರೋಪಿನಲ್ಲಿರುವ ಇದರ ದಾಯಾದಿಗೆ 1758ರಲ್ಲಿ ಲಿನೇಯಸ್ ಇಟ್ಟ ಹೆಸರು ಟೈಪೋಗ್ರಾಫಸ್, ಅಂದರೆ ಮುದ್ರಕ. ಹಿಮಾಲಯದ ಈ ಬಳಗವನ್ನು ವಿವರವಾಗಿ ದಾಖಲಿಸಿದವರಲ್ಲಿ ಇ. ಪಿ. ಸ್ಟೆಬ್ಬಿಂಗ್ ಮುಖ್ಯರು, ಭಾರತದ ಅರಣ್ಯ ಜೀರುಂಡೆಗಳನ್ನು ಕುರಿತ ಅವರ ದೊಡ್ಡ ಗ್ರಂಥ 1914ರಲ್ಲಿ ಪ್ರಕಟವಾಯಿತು. 1941ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸಿ. ಎಫ್. ಸಿ. ಬೀಸನ್ ಅವರ ಗ್ರಂಥ ಬಂದಿತು. ಅದೇ ಸಂಸ್ಥೆಯ ಕೀಟ ಸಂಗ್ರಹಾಲಯದಲ್ಲಿ ಕೊರೆದ ತೊಗಟೆ, ಕೊರೆದ ಕಟ್ಟಿಗೆಗಳ ಮಾದರಿಗಳನ್ನು ನೋಡುತ್ತ ನಾವು ಒಂದು ಹಗಲನ್ನೇ ಕಳೆದೆವು. ಯಾವ ಹುಳು ಯಾವ ಗೆರೆ ಬರೆಯುತ್ತದೆಂದು ಗೊತ್ತಿದ್ದವರಿಗೆ ಹುಳು ಹೊರಟುಹೋದ ಮೇಲೂ ತೊಗಟೆ ಅದರ ಹೆಸರು ಹೇಳುತ್ತದೆ.

ನಮ್ಮಲ್ಲಿ ಚಿಕ್ಕಮಗಳೂರಿನವರಿಗೆ ಈ ವಿದ್ಯೆ ಪೂರ್ತಿ ಹೊಸದಾಗಿರಲಿಲ್ಲ. ಅರೇಬಿಕಾ ತೋಟದಲ್ಲಿ ಬೆಳೆದವರೆಲ್ಲ ಬೋರರ್ ಎಂಬ ಮಾತನ್ನು ಕೇಳಿಯೇ ಬೆಳೆದಿರುತ್ತಾರೆ. ಬಿಳಿ ಕಾಂಡಕೊರಕ ಬಿದ್ದ ಕಾಫಿ ಗಿಡದ ಕಾಂಡದ ಮೇಲೆ ಉಬ್ಬುಗೆರೆ ಏಳುತ್ತದೆ, ಎಲೆ ಹಳದಿಯಾಗಿ ಬಾಡುತ್ತದೆ. ವರ್ಷಕ್ಕೆ ಎರಡು ಸಲ, ಜೀರುಂಡೆ ಹಾರುವ ಕಾಲ ಬರುವ ಮುಂಚೆ, ಸಾಲು ಹಿಡಿದು ಗಿಡ ಗಿಡವನ್ನೂ ನೋಡಿ, ಗುರುತು ಮಾಡಿ, ಕಿತ್ತು ಸುಡುತ್ತಾರೆ. ಫಲ ಕೊಡುತ್ತಿರುವ ಗಿಡವನ್ನು ಕೀಳುವಾಗ ಮನೆಯ ಹಿರಿಯರು ಮಾತಾಡದೆ ನಿಲ್ಲುತ್ತಿದ್ದರೆಂದು ಅವರು ನೆನೆದರು. ಆ ಕಾಂಡಕೊರಕ ಬೇರೆ ಕುಲದ್ದು. ಆದರೆ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಕೊಡಗಿನ ತೋಟಗಳಿಗೂ ಬಂದ ಕಾಫಿಯ ಕಾಯಿಕೊರಕ ಈ ತೊಗಟೆ ಜೀರುಂಡೆಗಳ ವಂಶಕ್ಕೇ ಸೇರಿದ್ದು. ಕುಮಾವೂನಿನ ಕಾಡಿನಲ್ಲಿ ನಿಂತು ನಮ್ಮ ನಾಡಿನ ತೋಟದ ಹುಳುವಿನ ನೆಂಟನನ್ನು ನೋಡುತ್ತಿದ್ದೇವೆಂಬುದು ನಮಗೆ ವಿಚಿತ್ರವಾಗಿ ತೋರಿತು.

ಈ ಜೀರುಂಡೆ ಗಟ್ಟಿಮುಟ್ಟಾದ ಮರವನ್ನು ಸಾಮಾನ್ಯವಾಗಿ ಗೆಲ್ಲಲಾರದು. ಚೀಡ್ ಮರಕ್ಕೆ ಸಂಸ್ಕೃತದಲ್ಲಿ ಸರಲವೆಂದು ಹೆಸರು. ಆನೆಗಳು ಕೆನ್ನೆ ತಿಕ್ಕಿದ ಸರಲವೃಕ್ಷಗಳಿಂದ ಹಾಲು ಸುರಿದು ಹಿಮಾಲಯದ ತಪ್ಪಲು ಪರಿಮಳಿಸುವುದನ್ನು ಕಾಳಿದಾಸ ಕುಮಾರಸಂಭವದ ಮೊದಲ ಸರ್ಗದಲ್ಲೇ ತಂದಿದ್ದಾನೆ. ಕವಿಗೆ ಕಂಪಾಗಿ ಒದಗಿದ ಆ ಹಾಲು ಮರದ ಆಯುಧ. ಗಾಯವಾದೊಡನೆ ರಾಳ ಉಕ್ಕಿ, ಕೊರೆಯಲು ಬಂದ ಜೀರುಂಡೆಯನ್ನು ಮುಳುಗಿಸಿ ಹೊರಕ್ಕೆ ದೂಡುತ್ತದೆ. ರಾಳ ಉಕ್ಕಬೇಕಾದರೆ ಮರಕ್ಕೆ ನೀರೂ ಬಲವೂ ಬೇಕು. ಬೆಂಕಿಯಲ್ಲಿ ಬೆಂದ, ಮಳೆಯಿಲ್ಲದೆ ಬಳಲಿದ, ಅಥವಾ ಲೀಸಾ ಇಳಿಸಲೆಂದು ಹಿಂದಿನ ಕ್ರಮದಲ್ಲಿ ಕಾಂಡದವರೆಗೆ ಆಳವಾಗಿ ಕೆತ್ತಿಸಿಕೊಂಡ ಮರದಲ್ಲಿ ಆ ಬಲ ಉಳಿದಿರುವುದಿಲ್ಲ. ಊರಿನವರು ಹೇಳಿದ ಕಾರಣಗಳೆಲ್ಲ ಇಲ್ಲಿಗೆ ಬಂದು ಕೂಡುತ್ತವೆ. ಮರವನ್ನು ಬೀಳಿಸಿದ್ದು ಹುಳು, ಅದಕ್ಕೆ ಬಾಗಿಲು ತೆರೆದದ್ದು ಬೇರೆಯವರು. ಒಣಗಿದ ಬೇಸಗೆಗಳೂ ಚಳಿ ಕಡಿಮೆಯಾದ ಚಳಿಗಾಲಗಳೂ ಒಂದಾದರೆ ಈ ಕುಲದ ಹುಳುಗಳು ಏನು ಮಾಡಬಲ್ಲವೆಂಬುದಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ ಸಾಕ್ಷಿ. ಅಲ್ಲಿ 1990ರ ದಶಕದ ಕೊನೆಯಿಂದ ಎರಡು ದಶಕಗಳೊಳಗೆ ಮತ್ತೊಂದು ಜಾತಿಯ ಪೈನ್ ಜೀರುಂಡೆ 1.8 ಕೋಟಿ ಹೆಕ್ಟೇರಿನಷ್ಟು ಕಾಡಿಗೆ ಹಬ್ಬಿತ್ತು.

ವನರಕ್ಷಕರ ಮಾರ್ಗದರ್ಶನದಲ್ಲಿ ಆ ವರ್ಷದ ಅಕ್ಟೋಬರಿನಲ್ಲಿ ನಾವೂ ಊರಿನ ಕೆಲವರೂ ಸೇರಿ ಇಳಿಜಾರಿನ ಮರಗಳನ್ನು ಎಣಿಸಿದೆವು. ಮೂರು ಬಗೆಯ ಬಟ್ಟೆತುಂಡುಗಳನ್ನು ಕಟ್ಟಿದೆವು. ಎಲೆ ಉದುರಿ ಬೂದು ಬಣ್ಣಕ್ಕೆ ತಿರುಗಿ, ತೊಗಟೆಯ ತುಂಬ ಬಂದೂಕಿನ ಚರೆ ಹೊಡೆದಂಥ ದುಂಡನೆಯ ತೂತುಗಳಿದ್ದ ಮರಗಳು ಮೊದಲನೆಯವು. ಆ ತೂತುಗಳು ಹುಳು ಹೊರಬಂದ ಬಾಗಿಲುಗಳು. ಅಂಥ ಮರದಿಂದ ಇನ್ನು ಯಾವ ಮರಕ್ಕೂ ಭಯವಿಲ್ಲ. ಅದರಲ್ಲಿ ಮರಕುಟಿಗ ಗೂಡು ಮಾಡುತ್ತದೆ. ತೊಗಟೆ ಜೀರುಂಡೆಯನ್ನೇ ತಿಂದು ಬದುಕುವ, ಮೈಮೇಲೆ ಪಟ್ಟೆಗಳಿರುವ ಬೇರೊಂದು ಜೀರುಂಡೆ ಅಲ್ಲಿ ಆಸರೆ ಪಡೆಯುತ್ತದೆ. ಅದನ್ನು ಹಾಗೇ ನಿಲ್ಲಗೊಡುವುದು ಮೇಲು. ಕೆಂಪಾದವು ಎರಡನೆಯವು, ಅವುಗಳಲ್ಲಿ ಬಹುಪಾಲು ಖಾಲಿಯಾಗಿದ್ದವು. ತುದಿ ಈಗಷ್ಟೇ ಮಾಸಿದ, ಇಲ್ಲವೇ ಪೂರ್ತಿ ಹಸುರಾಗಿದ್ದರೂ ಬುಡದಲ್ಲಿ ಹುಡಿ ಸುರಿಸುತ್ತಿದ್ದ ಮರಗಳು ಮೂರನೆಯವು. ಅವು ಹತ್ತೊಂಬತ್ತು. ಹುಳು ಇದ್ದದ್ದು ಅವುಗಳೊಳಗೆ. ಚಳಿಗಾಲವನ್ನು ಅಲ್ಲೇ ಕಳೆದು ಬೇಸಗೆಯ ಬಿಸಿಗೆ ಅವು ಹೊರಬೀಳುವವು. ಅದಕ್ಕೆ ಮೊದಲು ಆ ಮರಗಳನ್ನು ಉರುಳಿಸಿ ತೊಗಟೆ ಸುಲಿದರೆ ನೌಲಾದ ಮೇಲಿನ ಕಾಡು ಉಳಿಯುವ ಸಂಭವ ಹೆಚ್ಚು.

ಅಂದರೆ ಸತ್ತ ಮರವನ್ನು ಬಿಟ್ಟು ಹಸಿರು ಮರವನ್ನು ಕಡಿಯಬೇಕು. ಈ ಮಾತನ್ನು ಹೇಳಬೇಕಾಗಿದ್ದುದು ಉತ್ತರಾಖಂಡದಲ್ಲಿ. 1974ರಲ್ಲಿ ರೇಣಿ ಗ್ರಾಮದ ಹೆಂಗಸರು ಮರಗಳಿಗೆ ಅಡ್ಡ ನಿಂತ ನಾಡು ಅದು. ಆ ಚಳವಳಿಯ ಫಲವಾಗಿಯೇ 1981ರಲ್ಲಿ 1000 ಮೀಟರಿಗಿಂತ ಎತ್ತರದ ಕಾಡುಗಳಲ್ಲಿ ಹಸಿರು ಮರಗಳ ವಾಣಿಜ್ಯ ಕಡಿತ ನಿಂತಿತು. ಹೇಳಬೇಕಾಗಿದ್ದ ನಮ್ಮಲ್ಲಿ ಒಬ್ಬರು ಶಿರಸಿಯವರು. 1983ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕಾಡಿನಲ್ಲಿ ಅಪ್ಪಿಕೋ ಆರಂಭವಾದಾಗ ಅವರು ಹೈಸ್ಕೂಲಿನ ವಿದ್ಯಾರ್ಥಿ. ಮರ ಎಂದರೆ ಅಪ್ಪಿಕೊಳ್ಳುವುದು ಎಂದೇ ಅವರ ಪೀಳಿಗೆ ಕಲಿತಿದೆ.

ವನ ಪಂಚಾಯತಿಯ ಸಭೆ ನೌಲಾದ ಮುಂದಿನ ಕಟ್ಟೆಯಲ್ಲಿ ಸೇರಿತು. ಸರ್‌ಪಂಚರು ವಿಷಯ ತಿಳಿಸಿದ ಮೇಲೆ ಮೊದಲು ಮಾತಾಡಿದವರು ಊರೆಲ್ಲ ಆಮಾ ಎಂದು ಕರೆಯುವ ಒಬ್ಬ ಹಿರಿಯ ಹೆಂಗಸು. "ನಾನು ಸೊಸೆಯಾಗಿ ಬಂದ ಕಾಲದಲ್ಲೂ ಗುತ್ತಿಗೆದಾರರು ಹೀಗೆಯೇ ಹೇಳುತ್ತಿದ್ದರು. ಈ ಮರಕ್ಕೆ ರೋಗ, ಆ ಮರಕ್ಕೆ ವಯಸ್ಸಾಯಿತು ಎನ್ನುತ್ತಿದ್ದರು. ಲಾರಿ ಮಾತ್ರ ಒಳ್ಳೆಯ ಮರಗಳನ್ನೇ ಹೊತ್ತುಕೊಂಡು ಹೋಗುತ್ತಿತ್ತು. ಒಣಗಿದ್ದನ್ನು ಕಡಿಯಿರಿ, ಯಾರೂ ಬೇಡ ಎನ್ನುವುದಿಲ್ಲ. ಹಸಿರು ಮರ ಏಕೆ ಬೇಕು ನಿಮಗೆ?" ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿರಲಿಲ್ಲ. 1997ರ ಸುಮಾರಿಗೆ ಮಧ್ಯಪ್ರದೇಶದ ಸಾಲವೃಕ್ಷಗಳಿಗೆ ಕಾಂಡಕೊರಕ ಬಿದ್ದಾಗಲೂ ಎಷ್ಟು ಮರ ಕಡಿಯುವುದು ನ್ಯಾಯವೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಹುಳುವಿನ ಹೆಸರಿನಲ್ಲಿ ಕೊಡಲಿ ಎಲ್ಲಿ ನಿಲ್ಲಬೇಕೆಂಬುದು ಹಳೆಯ ಸಂಶಯ, ಕಾರಣವುಳ್ಳ ಸಂಶಯ.

ಶಿರಸಿಯವರು ಉತ್ತರವಾಗಿ ಏನನ್ನೂ ಹೇಳಲಿಲ್ಲ. ಎಬ್ಬಿಸಿ ತಂದಿದ್ದ ತೊಗಟೆಯ ತುಂಡೊಂದನ್ನು ಆಮಾ ಅವರ ಕೈಗೆ ಕೊಟ್ಟರು. ಅವರು ಅದನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಒಂದು ಕಾಲುವೆಯನ್ನು ಬಿಡಿಸಿ, ಬಿಳಿಯ ಮರಿಹುಳುವನ್ನು ಅಂಗೈ ಮೇಲೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬಳಿಕ ಅವರಾಗಿಯೇ ಒಂದು ಕಟ್ಟಳೆ ಹಾಕಿದರು. ಗುರುತು ಮಾಡಿದ ಪ್ರತಿಯೊಂದು ಮರವನ್ನೂ ಊರಿನ ಇಬ್ಬರು ಹೆಂಗಸರ ಎದುರಿಗೆ ಅಂಗೈಯಗಲ ತೆರೆದು ನೋಡಬೇಕು. ಒಳಗೆ ಬದುಕಿರುವ ಹುಳು ಕಂಡರೆ ಮಾತ್ರ ಅದರ ಹೆಸರು ಅರ್ಜಿಗೆ ಸೇರಬೇಕು. ಕಾಣದಿದ್ದರೆ ಬಟ್ಟೆ ಬಿಚ್ಚಿ ಅದನ್ನು ಬಿಟ್ಟುಬಿಡಬೇಕು. ಕಟ್ಟಿಗೆ ಊರಿನ ಮನೆಗಳಿಗೇ ಸಲ್ಲಬೇಕು, ಹೊರಗೆ ಮಾರಕೂಡದು. ಹೀಗೆ ನೋಡಿದಾಗ ಹತ್ತೊಂಬತ್ತರಲ್ಲಿ ಎಂಟು ಮರಗಳು ಪಾರಾದವು. ಅವುಗಳ ಮೇಲೆ ಹುಡಿಯಿದ್ದರೂ ರಾಳ ಗೆದ್ದಿತ್ತು. ಸತ್ತ ಜೀರುಂಡೆಗಳು ರಾಳದಲ್ಲಿ ಹೂತುಹೋಗಿದ್ದವು. ಉಳಿದದ್ದು ಹನ್ನೊಂದು.

ಅರಣ್ಯ ಇಲಾಖೆಯ ತಪಾಸಣೆ ನಡೆದು ಡಿಸೆಂಬರಿನಲ್ಲಿ ಒಂಬತ್ತು ಮರಗಳಿಗೆ ಅನುಮತಿ ಬಂದಿತು. ಬಾಡುವ ಲಕ್ಷಣ ಸ್ವಲ್ಪವೂ ತೋರದಿದ್ದ ಎರಡು ಮರಗಳಿಗೆ ಬರಲಿಲ್ಲ. ಜನವರಿಯ ಚಳಿಯಲ್ಲಿ, ಹುಳುಗಳು ಮರಗಟ್ಟಿದ್ದಾಗ, ಒಂಬತ್ತನ್ನೂ ಉರುಳಿಸಿದರು. ಆಮೇಲಿನ ಕೆಲಸವೇ ಹೆಚ್ಚಿನದು. ಕಡಿದು ಹಾಗೇ ಬಿಟ್ಟ ದಿಮ್ಮಿಯಲ್ಲಿ ಹುಳು ನೆಮ್ಮದಿಯಾಗಿ ಬೆಳೆಯುತ್ತದೆ, ಹೊಸ ಹುಳುಗಳನ್ನೂ ಕರೆಯುತ್ತದೆ. ಆದ್ದರಿಂದ ಅದೇ ವಾರದಲ್ಲಿ ತೊಗಟೆಯನ್ನು ಪೂರ್ತಿ ಸುಲಿದು, ಒಣಹುಲ್ಲು ಪಿರೂಲ್‌ಗಳಿಲ್ಲದ ಬಯಲಿನಲ್ಲಿ ಗುಂಡಿ ತೋಡಿ, ನೀರನ್ನು ಪಕ್ಕದಲ್ಲಿಟ್ಟುಕೊಂಡು ಸುಟ್ಟರು. ಪಿರೂಲ್ ಎಂದರೆ ಉದುರಿದ ಚೀಡ್ ಎಲೆ; ಕಿಡಿ ತಗುಲಿದರೆ ಸಾಕು. ದಪ್ಪನೆಯ ಕೊಂಬೆಗಳನ್ನೂ ಬಿಡಲಿಲ್ಲ. ತೊಗಟೆಯಿರುವ ಕಟ್ಟಿಗೆಯನ್ನು ಬದುಕಿರುವ ಮರಕ್ಕೆ ಒರಗಿಸಿಡಬಾರದೆಂದು ಮನೆ ಮನೆಗೆ ಹೇಳಿದ್ದಾಯಿತು. ಕೀಟನಾಶಕದ ಮಾತು ಬಂದಾಗ ಯಾರೂ ಒಪ್ಪಲಿಲ್ಲ. ತೊಗಟೆಯೊಳಗಿನ ಹುಳುವಿಗೆ ಅದು ಮುಟ್ಟುವುದು ಕಷ್ಟ, ಕೆಳಗಿನ ನೌಲಾಕ್ಕೆ ಇಳಿಯುವುದು ಸುಲಭ.

ಅನುಮತಿ ಸಿಗದ ಎರಡು ಮರಗಳಲ್ಲಿ ಒಂದು ಏಪ್ರಿಲಿನಲ್ಲಿ ಕೆಂಪಾಯಿತು. ಅದರಿಂದ ಹೊರಟ ಹುಳು ಮತ್ತೆ ಮೂರು ಮರಗಳನ್ನು ಹಿಡಿಯಿತು. ಇನ್ನೊಂದು ಮರ ಬದುಕಿತು. ಹುಳು ಅದರ ಒಂದು ಪಕ್ಕವನ್ನಷ್ಟೇ ತಿಂದಿತ್ತು. ಆ ವರ್ಷ ಮಳೆ ಸಕಾಲಕ್ಕೆ ಬಂದಿತು, ರಾಳ ಉಕ್ಕಿ ಗಾಯದ ಅಂಚು ಮಡಿಚಿಕೊಂಡಿತು. ನಾವು ಕಲಿತ ಲಕ್ಷಣಗಳ ಪ್ರಕಾರ ಅದು ಸಾಯಬೇಕಾದ ಮರವಾಗಿತ್ತು. ಲಕ್ಷಣಗಳು ಸುಳ್ಳಲ್ಲ, ಹತ್ತರಲ್ಲಿ ಒಂಬತ್ತು ಸಲ ಅವು ಹೇಳಿದಂತೆಯೇ ಆಗಬಹುದು. ಹತ್ತನೆಯದು ಯಾವುದೆಂದು ಮೊದಲೇ ಹೇಳುವ ವಿದ್ಯೆ ನಮ್ಮ ಬಳಿ ಇಲ್ಲ. ಆದ್ದರಿಂದಲೇ ಆಮಾ ಹಾಕಿದ ಕಟ್ಟಳೆ ನಮಗೆ ಈಗ ಇನ್ನಷ್ಟು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಅದು ಕಡಿಯುವುದನ್ನು ತಡೆಯಲಿಲ್ಲ. ಒಂದೊಂದು ಮರವನ್ನೂ ಬೇರೆಯಾಗಿ, ತೆರೆದು ನೋಡಿ, ಸಾಕ್ಷಿಗಳ ಎದುರಿಗೆ ತೀರ್ಮಾನಿಸಲು ಹೇಳಿತು.

ಈಗ ಅಲ್ಲಿ ವರ್ಷಕ್ಕೆ ಎರಡು ಸಲ, ಕಾಫಿ ತೋಟದ ಕ್ರಮದಲ್ಲೇ, ಬುಡ ನೋಡುವ ಕೆಲಸ ನಡೆಯುತ್ತದೆ. ಬೇಸಗೆಗೆ ಮೊದಲು ಪಿರೂಲ್ ಗುಡಿಸಿ ಬೆಂಕಿಯ ದಾರಿಯನ್ನು ಕಡಿಯುತ್ತಾರೆ. ಮರಗಳುರುಳಿದ ತೆರಪಿನಲ್ಲಿ ಬಾಂಜ್ ಸಸಿಗಳನ್ನು ನೆಟ್ಟಿದ್ದಾರೆ. ಮೇವು ಕೊಡುವ, ನೀರು ಹಿಡಿಯುವ ಮರವೆಂದು ಊರಿನ ಹೆಂಗಸರು ಅದನ್ನೇ ಆರಿಸಿದರು. ಹೊಸ ಹುಡಿ ಕಾಣದ ವರ್ಷ ಇನ್ನೂ ಬಂದಿಲ್ಲ. ಮಾಸಿದ ತುದಿಯೊಂದು ಕಣ್ಣಿಗೆ ಬಿದ್ದಾಗ ನಾವು ಈಗ ಮೊದಲು ಅದರ ಸುತ್ತಲಿನ ಹಸಿರು ಮರಗಳ ಬಳಿಗೆ ಹೋಗಿ, ಬುಡದಲ್ಲಿ ಕುಳಿತು, ತೊಗಟೆಯ ಬಿರುಕುಗಳಲ್ಲಿ ಬೆರಳಾಡಿಸುತ್ತೇವೆ.